ಹೊಗೆಯನ್ನು ಎಂಜಿನ್ನೇ ನುಂಗಬೇಕು



2024ರ ಮಾರ್ಚ್ ತಿಂಗಳಲ್ಲಿ ಸಿಂಧನೂರಿಗೆ ರೈಲು ಬಂತು. ರಾಯಚೂರು ಜಿಲ್ಲೆಯ ಆಚೆ ಇರೋರಿಗೆ ಇದು ಟಿವಿಯ ಕೆಳಗೆ ಓಡೋ ಒಂದು ಸಾಲಿನ ಸುದ್ದಿ. ಸಿಂಧನೂರಿನವರನ್ನು ಕೇಳಿ ನೋಡಿ, ಅದರ ಹಿಂದೆ ಎಷ್ಟು ವರ್ಷ ಇದೆ ಅಂತ ಹೇಳ್ತಾರೆ. ಮುನಿರಾಬಾದ್–ಮೆಹಬೂಬ್‌ನಗರ ಮಾರ್ಗ ಮಂಜೂರಾಗಿದ್ದು 1997–98ರಲ್ಲಿ. ಅಲ್ಲಿಂದ ಲೆಕ್ಕ ಹಾಕಿದರೆ ಒಂದು ತಲೆಮಾರು. ಜಿಲ್ಲಾ ಕೇಂದ್ರ ರಾಯಚೂರಿನಿಂದ ಲೆಕ್ಕ ಹಾಕಿದರೆ? ರಾಯಚೂರಿಗೆ ರೈಲು ಬಂದಿದ್ದು 1871ರಲ್ಲಿ. ಮುಂಬೈ ಕಡೆಯಿಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದರಾಸ್ ಕಡೆಯಿಂದ ಮದ್ರಾಸ್ ರೈಲ್ವೆ, ಎರಡೂ ಬಂದು ಕೈ ಕುಲುಕಿದ ಜಾಗ ನಮ್ಮ ರಾಯಚೂರು. ಅದೇ ಜಿಲ್ಲೆಯ ಸಿಂಧನೂರು ಕಾದಿದ್ದು 153 ವರ್ಷ.

ಇಷ್ಟು ಕಾದಿದ್ದಕ್ಕೆ ಒಂದೇ ಒಂದು ಲಾಭ ಆಯ್ತು ಅಂತ ನಾನು ತಮಾಷೆಗೆ ಹೇಳ್ತಿರ್ತೀನಿ. ಸಿಂಧನೂರಿಗೆ ಹೊಗೆಬಂಡಿ ಬರಲೇ ಇಲ್ಲ, ನೇರವಾಗಿ ರೈಲು ಬಂತು. ನಮ್ಮ ದೇಶದ ಬ್ರಾಡ್‌ಗೇಜ್ ಹಳಿ ಮೇಲೆ ಉಗಿ ಎಂಜಿನ್‌ನ ಕೊನೆಯ ನಿಯಮಿತ ಓಡಾಟ ಮುಗಿದದ್ದು 1995ರ ಡಿಸೆಂಬರ್‌ನಲ್ಲಿ. ಸಿಂಧನೂರಿನ ಮಾರ್ಗ ಮಂಜೂರಾಗಿದ್ದೇ ಅದಾದ ಮೇಲೆ. ಅಂದ್ರೆ ಕಣ್ಣಿಗೆ ಕೆಂಡದ ಕಿಡಿ ಬೀಳೋದು, ಬಿಳಿ ಪಂಚೆ ಕರಿ ಆಗೋದು, ಇಳಿದ ಮೇಲೆ ಮೂಗು ಸೀನಿದರೆ ಮಸಿ ಬರೋದು, ಇದ್ಯಾವುದನ್ನೂ ಆ ಊರು ನೋಡಲಿಲ್ಲ.

ಹೊಗೆ ತಪ್ಪಿತು, ಸರಿ. ಧೂಳು ತಪ್ಪಿತಾ? ಇವತ್ತು ನಾನು ಮಾತಾಡಬೇಕು ಅಂದುಕೊಂಡಿರೋದು ಅದನ್ನೇ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಓದಿದ್ದು ಇಂಜಿನಿಯರಿಂಗ್, ಆದ್ದರಿಂದ ಒಂದೆರಡು ನಿಮಿಷ ಬಾಯ್ಲರ್ ಪಾಠ ಮಾಡ್ತೀನಿ, ಸಹಿಸಿಕೊಳ್ಳಿ.

1831ರ ಆಗಸ್ಟ್. ಅಮೆರಿಕದ ಆಲ್ಬನಿಯಿಂದ ಸ್ಕೆನೆಕ್ಟಡಿಗೆ ಡಿವಿಟ್ ಕ್ಲಿಂಟನ್ ಅನ್ನೋ ಎಂಜಿನ್ ಹೊರಟಿತು. ಹಿಂದೆ ಕುದುರೆ ಸಾರೋಟಿನಂಥ ಡಬ್ಬಿಗಳು. ಎಂಜಿನ್‌ಗೆ ಹಾಕಿದ್ದು ಅಂಟು ತುಂಬಿದ ಪೈನ್ ಮರದ ಸೌದೆ. ಕಿಡಿಗಳ ಮಳೆಯೇ ಸುರೀತು. ಮೇಲೆ ಕೂತ ಪ್ರಯಾಣಿಕರು ಕೊಡೆ ಬಿಚ್ಚಿದರು, ಕೊಡೆಗಳೇ ಹೊತ್ತಿಕೊಂಡವು. ಪಕ್ಕದವರ ಬಟ್ಟೆಗೆ ಬಿದ್ದ ಬೆಂಕಿಯನ್ನು ಬಡಿದು ಬಡಿದು ಆರಿಸುತ್ತಾ ಆ ಜನ ಊರು ತಲುಪಿದರು. ಜಗತ್ತಿನ ಮೊದಲ ರೈಲು ಪ್ರಯಾಣಗಳ ಸುಖ ಹೀಗಿತ್ತು.

ನಮ್ಮ ಕಡೆಯೂ ಕಥೆ ಬೇರೆ ಆಗಿರಲಿಲ್ಲ. ದಕ್ಷಿಣದಲ್ಲಿ ಕಲ್ಲಿದ್ದಲು ದುಬಾರಿ, ಆದ್ದರಿಂದ ಮದರಾಸ್ ಕಡೆಯ ಎಂಜಿನ್‌ಗಳಿಗೆ ಕಾಡಿನ ಸೌದೆಯೇ ಆಹಾರ ಆಗಿತ್ತು. ರೈಲಿನ ಹೊಟ್ಟೆಗೆ ಕಾಡು ಹೋಗ್ತಿದೆ ಅಂತ ಮದರಾಸಿನ ಅರಣ್ಯಾಧಿಕಾರಿ ಹ್ಯೂ ಕ್ಲೆಗಾರ್ನ್ 1861ರಷ್ಟು ಹಿಂದೆಯೇ ಚಿಂತೆ ಮಾಡಿ ಬರೆದಿದ್ದರು. ಸೌದೆ ಅಂದ್ರೆ ಹಗುರವಾದ ಕೆಂಡ. ಹಗುರವಾದ ಕೆಂಡ ಚಿಮಣಿಯಿಂದ ಹಾರುತ್ತೆ. ಅದು ಹುಲ್ಲಿನ ಬಣವೆ ಮೇಲೂ ಬೀಳುತ್ತೆ, ಸೀರೆ ಸೆರಗಿನ ಮೇಲೂ ಬೀಳುತ್ತೆ. ಅದಕ್ಕೇ ಚಿಮಣಿಗೆ ತಂತಿ ಜಾಲರಿ ಹಾಕಿದರು, ಮೇಲೆ ಬಲೂನಿನ ಹಾಗೆ ಊದಿಸಿ ಒಳಗೆ ಕಿಡಿ ತಿರುಗಿ ಬೀಳೋ ಹಾಗೆ ಮಾಡಿದರು. ಹಳೇ ಚಿತ್ರಗಳಲ್ಲಿ ನೀವು ನೋಡೋ ದಪ್ಪ ತಲೆಯ ಚಿಮಣಿ ಅಂದಕ್ಕೆ ಇದ್ದದ್ದಲ್ಲ, ಕಿಡಿ ಹಿಡಿಯೋಕೆ ಇದ್ದದ್ದು.

ಈಗ ಮುಖ್ಯವಾದ ಮಾತಿಗೆ ಬರ್ತೀನಿ. ಹೊಗೆ ಕಡಿಮೆ ಮಾಡಿ ಅಂತ ಹೇಳಿದ್ದು ಮೊದಲು ಯಾರು? ವಿಜ್ಞಾನಿನಾ? ಕಂಪನಿನಾ? ಎರಡೂ ಅಲ್ಲ. ಕಾನೂನು.

1829ರಲ್ಲಿ ಇಂಗ್ಲೆಂಡಿನ ರೈನ್‌ಹಿಲ್‌ನಲ್ಲಿ ಎಂಜಿನ್‌ಗಳ ಸ್ಪರ್ಧೆ ನಡೀತು. ಸ್ಟೀಫನ್‌ಸನ್ನರ ರಾಕೆಟ್ ಗೆದ್ದಿತು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೀವಿ. ಆ ಸ್ಪರ್ಧೆಯ ಮೊದಲ ಷರತ್ತು ಏನು ಗೊತ್ತಾ? ವೇಗ ಅಲ್ಲ. ಎಂಜಿನ್ ತನ್ನ ಹೊಗೆಯನ್ನು ತಾನೇ ನುಂಗಬೇಕು ಅನ್ನೋದು. ಕಂಪನಿಗೆ ಹಳಿ ಹಾಕೋಕೆ ಅನುಮತಿ ಕೊಟ್ಟ ಕಾಯ್ದೆಯಲ್ಲೇ ಅದು ಇತ್ತು, ಆಮೇಲೆ ಸ್ಪರ್ಧೆಯ ನಿಯಮಕ್ಕೆ ಬಂತು. 1845ರಲ್ಲಿ ಬ್ರಿಟನ್ ಇದನ್ನ ಎಲ್ಲ ಹೊಸ ರೈಲ್ವೆಗಳಿಗೂ ಅನ್ವಯಿಸಿತು. ಹೊಗೆ ನುಂಗದ ಎಂಜಿನ್ ಓಡಿಸಿದರೆ ದಿನಕ್ಕೆ 5 ಪೌಂಡ್ ದಂಡ.

ಕಂಪನಿಗಳು ಏನು ಮಾಡಿದವು? ಕಲ್ಲಿದ್ದಲು ಬಿಟ್ಟು ಕೋಕ್ ಸುಟ್ಟವು. ಕೋಕ್ ಅಂದ್ರೆ ಹೊಗೆ ಕೊಡೋ ಅಂಶವನ್ನೆಲ್ಲ ಮೊದಲೇ ಸುಟ್ಟು ತೆಗೆದ ಕಲ್ಲಿದ್ದಲು. ಶುದ್ಧ, ಆದರೆ ದುಬಾರಿ. ಆ ಖರ್ಚು ಚುಚ್ಚತೊಡಗಿದಾಗ ಇಂಜಿನಿಯರುಗಳ ತಲೆ ಓಡಿತು. ಹಸಿ ಕಲ್ಲಿದ್ದಲಲ್ಲಿ ಹೊಗೆ ಬರೋದು ಯಾಕೆ? ಬಿಸಿಯಾದ ಕಲ್ಲಿದ್ದಲಿನಿಂದ ಅನಿಲ ಹೊರಡುತ್ತೆ. ಅದು ಪೂರ್ತಿ ಉರಿಯೋಕೆ ಸಾಕಷ್ಟು ಗಾಳಿ ಬೇಕು, ಸಾಕಷ್ಟು ಬಿಸಿ ಬೇಕು, ಸಾಕಷ್ಟು ಸಮಯ ಬೇಕು. ಮೂರರಲ್ಲಿ ಒಂದು ಕಡಿಮೆ ಆದರೂ ಅದು ಮಸಿಯಾಗಿ ಹೊರಗೆ ಹೋಗುತ್ತೆ. 1850ರ ದಶಕದ ಕೊನೆಗೆ ಮಿಡ್‌ಲ್ಯಾಂಡ್ ರೈಲ್ವೆಯ ಚಾರ್ಲ್ಸ್ ಮಾರ್ಕಮ್ ಇದಕ್ಕೆ ಉತ್ತರ ಕಂಡುಕೊಂಡರು. ಬೆಂಕಿಗೂಡಿನ ಒಳಗೆ ಇಟ್ಟಿಗೆಯ ಒಂದು ಕಮಾನು, ಬಾಗಿಲ ಬಳಿ ಗಾಳಿಯನ್ನು ಕೆಳಕ್ಕೆ ತಿರುಗಿಸೋ ಒಂದು ತಗಡು. ಅಷ್ಟೇ. ಇಟ್ಟಿಗೆ ಕಾದು ಕೆಂಪಾಗಿರುತ್ತೆ, ಅನಿಲ ಅದನ್ನ ಸುತ್ತಿಕೊಂಡು ಹೋಗಬೇಕು, ಹೋಗೋವಷ್ಟರಲ್ಲಿ ಉರಿದು ಮುಗಿದಿರುತ್ತೆ. ಹಳ್ಳಿ ಮನೆಯಲ್ಲಿ ಒಲೆ ಊದಿದ ತಾಯಂದಿರಿಗೆ ಈ ವಿಜ್ಞಾನ ಬಿಡಿಸಿ ಹೇಳಬೇಕಾಗಿಲ್ಲ. ಊದಿದರೆ ಉರಿ, ಬಿಟ್ಟರೆ ಹೊಗೆ.

ಇಲ್ಲಿ ಕ್ರಮ ಗಮನಿಸಿ. ಮೊದಲು ಕಾನೂನು ಬಂತು, ಆಮೇಲೆ ಖರ್ಚು ಬಂತು, ಖರ್ಚು ತಪ್ಪಿಸೋಕೆ ತಂತ್ರಜ್ಞಾನ ಬಂತು. ತಂತ್ರಜ್ಞಾನ ಬರಲಿ, ಆಮೇಲೆ ನಿಯಮ ಮಾಡೋಣ ಅಂತ ಯಾರೂ ಕಾಯಲಿಲ್ಲ.

ಇನ್ನು ಧೂಳು. ಹೊಗೆ ಚಿಮಣಿಯಿಂದ ಬಂದ್ರೆ ಧೂಳು ಹಳಿಯ ಕೆಳಗಿಂದ ಬರುತ್ತೆ. ಮೊದಮೊದಲ ಮಾರ್ಗಗಳಲ್ಲಿ ಹಳಿ ಕೆಳಗೆ ಹತ್ತಿರದಲ್ಲಿ ಸಿಕ್ಕ ಮರಳು, ಮಣ್ಣು, ಬೂದಿ ಹಾಕ್ತಿದ್ದರು. ರೈಲು ಓಡಿದಾಗ ಅದರ ಹಿಂದೆ ಗಾಳಿ ಸೆಳೀತದೆ, ಮಣ್ಣೆಲ್ಲ ಎದ್ದು ಕಿಟಕಿಗೆ. ಪರಿಹಾರ ಮತ್ತೆ ಸರಳ: ಒಡೆದ ಗಟ್ಟಿ ಜಲ್ಲಿ. ಭಾರ ಇರೋದರಿಂದ ಹಾರಲ್ಲ, ನೀರು ಬಸಿಯುತ್ತೆ. ನಮ್ಮ ಎರೆಮಣ್ಣಿನ ಸೀಮೆಯಲ್ಲಂತೂ ಜಲ್ಲಿ, ಮೊರಂ ಇಲ್ಲದೆ ಹಳಿ ನಿಲ್ಲೋದೇ ಇಲ್ಲ. ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ.

ಡಬ್ಬಿಯ ಒಳಗಿನ ಕಥೆ ನೋಡಿ. ಮೊದಲ ದರ್ಜೆಯ ಕಿಟಕಿಗೆ ಗಾಜು, ಮರದ ಪಟ್ಟಿಯ ಬಾಗಿಲು, ಸಣ್ಣ ತಂತಿ ಬಲೆ, ಬೇಸಿಗೆಯಲ್ಲಿ ನೀರು ಚಿಮುಕಿಸಿದ ಲಾವಂಚದ ತಟ್ಟಿ. 1934ರಲ್ಲಿ ಫ್ರಾಂಟಿಯರ್ ಮೇಲ್ ಡಬ್ಬಿಗಳ ಕೆಳಗೆ ಮಂಜುಗಡ್ಡೆ ಇಟ್ಟು ತಂಪು ಗಾಳಿ ಒಳಗೆ ಬಿಟ್ಟರು. ಅಮೆರಿಕದ ಲಾಕವಾನಾ ರೈಲ್ವೆ ಇನ್ನೂ ಒಂದು ಹೆಜ್ಜೆ ಮುಂದೆ. ಹೆಚ್ಚು ಹೊಗೆ ಕೊಡದ ಆಂಥ್ರಸೈಟ್ ಕಲ್ಲಿದ್ದಲು ತನ್ನ ಹತ್ತಿರ ಇದೆ ಅಂತ ತೋರಿಸೋಕೆ ಫೀಬಿ ಸ್ನೋ ಅನ್ನೋ ಕಾಲ್ಪನಿಕ ಹೆಣ್ಣುಮಗಳಿಗೆ ಅಪ್ಪಟ ಬಿಳಿ ಉಡುಪು ತೊಡಿಸಿ ಜಾಹೀರಾತು ಮಾಡಿತು. ನಮ್ಮ ರೈಲಿನಲ್ಲಿ ಬಿಳಿ ಬಟ್ಟೆ ಬಿಳಿಯಾಗೇ ಇರುತ್ತೆ ಅಂತ. ಶುದ್ಧ ಗಾಳಿ ಮಾರಾಟದ ಸರಕಾಯ್ತು. ದುಡ್ಡು ಕೊಟ್ಟವರಿಗೆ ಸಿಕ್ಕಿತು.

ಕೊಡದವರಿಗೆ? 1917ರಲ್ಲಿ ಗಾಂಧೀಜಿ ಮುಂಬೈಯಿಂದ ಮದರಾಸಿಗೆ ಮೂರನೇ ದರ್ಜೆಯಲ್ಲಿ ಹೋದರು. ಆ ಪ್ರಯಾಣದ ಬಗ್ಗೆ ಅವರು ಬರೆದದ್ದು ಆಮೇಲೆ ಪುಸ್ತಿಕೆಯಾಯ್ತು. ಇಡೀ ದಾರಿಯಲ್ಲಿ ಒಮ್ಮೆಯೂ ಡಬ್ಬಿ ಗುಡಿಸಲಿಲ್ಲ, ಕಾಲಿಟ್ಟಲ್ಲೆಲ್ಲ ಕೊಳೆ ಅಂತ ಅದರಲ್ಲಿದೆ. ನೂಕುನುಗ್ಗಲು ತಡೆಯಲಾಗದ ಮಟ್ಟಕ್ಕೆ ಹೋಗಿದ್ದು ಎಲ್ಲಿಂದ ಅಂತ ಅವರು ಬರೆದಿದ್ದಾರೆ ಗೊತ್ತಾ? ರಾಯಚೂರು ಬಂದ ಮೇಲೆ! ಹೊಗೆಯ ವಿರುದ್ಧ ಕಲ್ಕತ್ತಕ್ಕೆ 1905ರಲ್ಲೇ ಕಾಯ್ದೆ ಬಂದಿತ್ತು, ಬಾಂಬೆಗೆ 1912ರಲ್ಲಿ. ನಿಜಾಮರ ಸೀಮೆಯ ರಾಯಚೂರಿನ ಮೂರನೇ ದರ್ಜೆಯವನಿಗೆ ಬಂದಿದ್ದು ಧೂಳು ಮಾತ್ರ.

ಈಗ ಇವತ್ತಿಗೆ ಬನ್ನಿ. ಗುಳೆ ಹೋಗೋರ ಬಗ್ಗೆ ವರದಿ ಮಾಡುವಾಗ ಬೆಂಗಳೂರಿನಲ್ಲಿ ಮಸ್ಕಿ ಕಡೆಯ ಒಬ್ಬ ತಾಯಿ ಸಿಕ್ಕಿದ್ದರು. ಕಟ್ಟಡ ಕೆಲಸಕ್ಕೆ ಬಂದವರು. ಜನರಲ್ ಬೋಗಿಯ ಪ್ರಯಾಣ ಹೇಗಿತ್ತಮ್ಮ ಅಂತ ಕೇಳಿದೆ. "ಕಿಡಕಿ ತೆಗದ್ರ ಧೂಳ, ಮುಚ್ಚಿದ್ರ ಉಸಿರ ಕಟ್ತೈತ್ರಿ" ಅಂದರು. ಎಸಿ ಬೋಗಿಯ ಗಾಜಿನ ಹಿಂದೆ ಕೂತವರಿಗೆ ಈ ಆಯ್ಕೆಯ ಕಷ್ಟ ಇಲ್ಲ. ಮೂರನೇ ದರ್ಜೆ ಅನ್ನೋ ಹೆಸರು ಹೋಗಿದೆ, ಆ ಕಿಟಕಿ ಹೋಗಿಲ್ಲ.

ಮಸ್ಕಿಗೆ ರೈಲೇ ಇಲ್ಲ. ಅಶೋಕನ ಹೆಸರು ಕೆತ್ತಿದ ಶಾಸನ 1915ರಲ್ಲಿ ಅಲ್ಲಿ ಸಿಕ್ಕಿತು, ಇತಿಹಾಸದ ದೊಡ್ಡ ಒಗಟು ಬಿಡಿಸಿದ ಊರದು. ಸಿಂಧನೂರಿಗೋ ಲಿಂಗಸುಗೂರಿಗೋ ಹೋಗಬೇಕಂದ್ರೆ ಬಸ್ಸು, ಟಂಟಂ, ಬೇಸಿಗೆಯಾದರೆ ಮುಖಕ್ಕೆ ಟವೆಲ್. ಲಿಂಗಸುಗೂರಿಗೆ ಗದಗ–ವಾಡಿ ಮಾರ್ಗ ಬರಬೇಕು. 2013–14ರಲ್ಲಿ ಮಂಜೂರಾದ ಮಾರ್ಗ ಅದು. 2025ರ ಮೇ ತಿಂಗಳಲ್ಲಿ ಕುಷ್ಟಗಿವರೆಗೆ ರೈಲು ಬಂತು. ಮುಂದಿನ ಸರದಿ ಲಿಂಗಸುಗೂರು. ಬರಲಿ, ಬೇಗ ಬರಲಿ. ಆ ಹಳಿಗೆ ನಾನು ಎದುರು ಮಾತಾಡ್ತಿಲ್ಲ.

ಆದರೆ ರೈಲು ಒಂದೇ ಬರಲ್ಲ. ಅದರ ಜೊತೆ ಜಲ್ಲಿ ಕ್ರಷರ್ ಬರುತ್ತೆ, ಟಿಪ್ಪರ್ ಬರುತ್ತೆ, ನಾಳೆ ಗೂಡ್ಸ್ ಶೆಡ್ ಬರುತ್ತೆ. ಸಿಮೆಂಟು, ಗೊಬ್ಬರ, ಭತ್ತ, ಅಕ್ಕಿ ಎಲ್ಲ ಇಳಿಯೋದು, ಏರೋದು ಅಲ್ಲೇ. ಹೊರೋನು ಹಮಾಲಿ. ಕಲ್ಲಿನ ಧೂಳಿನ ಲೆಕ್ಕ ಹೇಳ್ತೀನಿ ಕೇಳಿ. 10 ಮೈಕ್ರಾನ್ ಗಾತ್ರದ ಒಂದು ಕಣ ಅಲುಗಾಡದ ಗಾಳಿಯಲ್ಲಿ ಒಂದು ಮೀಟರ್ ಕೆಳಗಿಳಿಯೋಕೆ ಸುಮಾರು 2 ನಿಮಿಷ ಬೇಕು. ಎರಡೂವರೆ ಮೈಕ್ರಾನ್ ಕಣಕ್ಕೆ ಅರ್ಧ ಗಂಟೆ. ಅಷ್ಟು ಹೊತ್ತು ಅದು ಮನುಷ್ಯನ ಮೂಗಿನ ಎತ್ತರದಲ್ಲೇ ತೇಲಾಡ್ತಿರುತ್ತೆ. ಗಾಳಿ ಬೀಸಿದರೆ ಕೆಳಗೆ ಇಳಿಯೋದೇ ಇಲ್ಲ.

ಸಿಂಧನೂರಿನ ಮಾರ್ಗ ಶುರುವಾಗೋದೇ ಕೊಪ್ಪಳದ ಗಿಣಿಗೇರಾದಿಂದ. ಕಾರ್ಖಾನೆ ಧೂಳು ಸಾಕು ಅಂತ 2025ರ ಫೆಬ್ರವರಿಯಲ್ಲಿ ಕೊಪ್ಪಳದ ಜನ ಊರು ಬಂದ್ ಮಾಡಿ ಬೀದಿಗಿಳಿದಿದ್ದು ನೀವು ನೋಡಿದ್ದೀರಿ. ಧೂಳು ಕೂತ ಮೇಲೆ ಏಳಿಸೋಕೆ ಎಷ್ಟು ಕಷ್ಟ ಅಂತ ಆ ಜನರನ್ನ ಕೇಳಿ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಹೆದ್ದಾರಿ ಇದೆ, ವಿಮಾನ ನಿಲ್ದಾಣ ಇದೆ. ರೈಲು ಮಾರ್ಗ ಇಲ್ಲ. ಅಂದ್ರೆ ಆ ಕಾಯ್ದೆಯಡಿ ಊರವರನ್ನು ಕೂರಿಸಿ ಅಹವಾಲು ಕೇಳೋ ಸಭೆ ಹೊಸ ರೈಲು ಮಾರ್ಗಕ್ಕೆ ಕಡ್ಡಾಯ ಅಲ್ಲ. ಹಾಗಾದರೆ ಊರವರೇ ಕೇಳಬೇಕು. ಹಳಿ ಬಂದ ಮೇಲಲ್ಲ, ಬರೋ ಮೊದಲು.

ಏನು ಕೇಳಬೇಕು? ದೊಡ್ಡ ವಿಜ್ಞಾನ ಏನೂ ಬೇಡ. ಒಂದು, ಗೂಡ್ಸ್ ಶೆಡ್ ಅಂಗಳಕ್ಕೂ ಅದರ ದಾರಿಗೂ ಕಾಂಕ್ರೀಟ್, ಮೇಲೆ ಸೂರು, ನೀರು ಚಿಮುಕಿಸೋ ವ್ಯವಸ್ಥೆ, ಊರಿನ ಕಡೆ ಗಾಳಿತಡೆ ಮತ್ತು ಮರಗಳ ಸಾಲು. ಎರಡು, ಕ್ರಷರ್‌ಗೆ ಮುಚ್ಚಿಗೆ, ಟಿಪ್ಪರ್‌ಗೆ ತಾಡಪಾಲು, ಇದನ್ನ ಗುತ್ತಿಗೆಯ ಕಾಗದದಲ್ಲೇ ಬರೆದು ತಪ್ಪಿದರೆ ದಿನದ ಲೆಕ್ಕದಲ್ಲಿ ದಂಡ. ಮೂರು, ಜನರಲ್ ಬೋಗಿಯನ್ನ ದಾರಿಯಲ್ಲೂ ಗುಡಿಸಬೇಕು. ಗಾಂಧೀಜಿ ಕೇಳಿ ನೂರು ವರ್ಷ ದಾಟಿದೆ.

ಇದೆಲ್ಲ ಆಗದ ಮಾತು ಅನ್ನೋರಿಗೆ ಲಿಂಗಸುಗೂರು ತಾಲೂಕಿನಲ್ಲೇ ಉದಾಹರಣೆ ಇದೆ. ಹಟ್ಟಿ ಚಿನ್ನದ ಗಣಿ. ಕಲ್ಲು ಕೊರೆಯುವಾಗ ನೀರು ಹಾಯಿಸಿ ಧೂಳು ಅಡಗಿಸಿ ಅಂತ ಗಣಿ ನಿಯಮಗಳೇ ಹೇಳ್ತವೆ. ಭೂಮಿಯ ಹೊಟ್ಟೆಯೊಳಗೆ ಆಗೋದು ಭೂಮಿ ಮೇಲೆ ಯಾಕೆ ಆಗಲ್ಲ?

ಊಟಕ್ಕೆ ಕೂತವರು ತಮ್ಮ ಎಲೆ ತಾವೇ ತೆಗೀಬೇಕು ಅಂತಾರೆ ನಮ್ಮ ಹಿರಿಯರು. ಸುಮಾರು 200 ವರ್ಷದ ಹಿಂದೆ ಎಂಜಿನ್‌ಗೆ ಹಾಕಿದ ಷರತ್ತೂ ಅದೇ. ನಿನ್ನ ಹೊಗೆ ನೀನೇ ನುಂಗು. ಲಿಂಗಸುಗೂರಿನ ಸ್ಟೇಷನ್‌ಗೆ ಇನ್ನೂ ಸಮಯ ಇದೆ. ನಿಮ್ಮ ಶಾಸಕರು, ಸಂಸದರು ರೈಲು ಯಾವಾಗ ಬರುತ್ತೆ ಅಂತ ಭಾಷಣ ಮಾಡೋಕೆ ಬಂದಾಗ ಚಪ್ಪಾಳೆ ತಟ್ಟಿ. ತಟ್ಟಿದ ಮೇಲೆ ಎದ್ದು ನಿಂತು ಒಂದು ಪ್ರಶ್ನೆ ಕೇಳಿ: ಸಾಹೇಬ್ರ, ಧೂಳು ಯಾರು ನುಂಗೋದು?