ಹಲ್ಲು ನೋಡಿದರೆ ಸಾಲದು

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನನ್ನು ನೀವು ನೋಡಿರಬಹುದು. ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ. ಅದರಿಂದ ವಯಸ್ಸು ತಿಳಿಯುತ್ತದೆ. ಅಷ್ಟಕ್ಕೇ ಹಣ ಎಣಿಸುವುದಿಲ್ಲ. ಸುಳಿ ನೋಡುತ್ತಾನೆ, ಹೆಗಲು ತಡವುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಇನ್ನೊಬ್ಬರ ಕೈಯಲ್ಲಿ ದುಡಿದ ಕ್ಯಾಮೆರಾವನ್ನು ಕೊಳ್ಳಹೊರಟವರಿಗೂ ಇದೇ ವಿವೇಕ ಬೇಕೆಂಬುದು ನನ್ನ ಇಂದಿನ ಮಾತಿನ ತಿರುಳು.

ಮದುವೆ ಮುಂಜಿಗಳ ಚಿತ್ರ ತೆಗೆದು ಬದುಕು ಕಟ್ಟಿಕೊಳ್ಳಬಯಸುವ ತರುಣನಿಗೆ ವೃತ್ತಿಪರರ ಹೊಸ ಕ್ಯಾಮೆರಾ ಕೈಗೆಟುಕುವುದು ಕಷ್ಟ. ಹಳೆಯದಾದರೆ ಸಾಲ ಮಾಡಿಯಾದರೂ ಕೊಂಡಾನು. ಆ ಸಾಲ ಸಾರ್ಥಕವಾಗುವುದೋ ಹೊರೆಯಾಗಿಯೇ ಉಳಿಯುವುದೋ ಎಂಬುದು ಕೊಳ್ಳುವ ದಿನದ ಅರ್ಧ ಗಂಟೆಯಲ್ಲಿ ನಿರ್ಧಾರವಾಗುತ್ತದೆ.

ಕನ್ನಡಿಯಿಲ್ಲದ, ಎಂದರೆ ಮಿರರ್‌ಲೆಸ್ ಜಾತಿಯ ಕ್ಯಾಮೆರಾಗಳಲ್ಲಿ ಸೋನಿ ಕಂಪನಿಯ ಆಲ್ಫಾ ೯ ಎಂಬುದನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ೨೦೧೭ರಲ್ಲಿ ಹೊರಬಂದಾಗ ಅಮೆರಿಕದಲ್ಲಿ ಅದರ ಬೆಲೆ, ಲೆನ್ಸನ್ನು ಬಿಟ್ಟು, ಸುಮಾರು ೪,೫೦೦ ಡಾಲರು. ೨೪ ಮೆಗಾಪಿಕ್ಸೆಲ್ಲಿನ ಚಿತ್ರಗಳನ್ನು ಸೆಕೆಂಡಿಗೆ ೨೦ರವರೆಗೆ, ಸದ್ದೇ ಇಲ್ಲದೆ ತೆಗೆಯಬಲ್ಲ ಯಂತ್ರ. ೨೦೧೯ರಲ್ಲಿ ಬಂದ ಹೊಸ ತಂತ್ರಾಂಶದಿಂದ, ಚಲಿಸುವ ವಸ್ತುವನ್ನು ಬೆನ್ನಟ್ಟಿ ಫೋಕಸ್ ಮಾಡುವ ಅದರ ಶಕ್ತಿ ಇನ್ನಷ್ಟು ಹೆಚ್ಚಿತು. ಸುಸ್ಥಿತಿಯಲ್ಲಿರುವ ಅಂಥ ಕ್ಯಾಮೆರಾ ಅಂದು ಕೊಡುತ್ತಿದ್ದ ಚಿತ್ರವನ್ನೇ ಇಂದೂ ಕೊಡುತ್ತದೆ. ಹೊಸ ಮಾದರಿಗಳು ಬಂದು ಇಳಿಸಿದ್ದು ಅದರ ಬೆಲೆಯನ್ನೇ ಹೊರತು ಗುಣವನ್ನಲ್ಲ.

ಆದರೆ ಯಂತ್ರದ ಹೊಗಳಿಕೆಯನ್ನು ನಮ್ಮ ಕೆಲಸದೊಡನೆ ಇಟ್ಟು ತೂಗಬೇಕು. ಆ ೨೦ ಚಿತ್ರಗಳು ಎಲೆಕ್ಟ್ರಾನಿಕ್ ಶಟರಿನವು. ಅದರೊಡನೆ ಈ ಮಾದರಿಯಲ್ಲಿ ಫ್ಲಾಶ್ ಬೆಳಗುವುದಿಲ್ಲ. ಫ್ಲಾಶ್ ಬೇಕೆಂದರೆ ಯಾಂತ್ರಿಕ ಶಟರಿಗೆ ಬರಬೇಕು. ಆಗ ಸೆಕೆಂಡಿಗೆ ೫ ಚಿತ್ರ ಮಾತ್ರ. ಧಾರೆಯ ಮಂಟಪದಲ್ಲಿ ಫ್ಲಾಶನ್ನೇ ನಂಬಿದವನು ಇಪ್ಪತ್ತಕ್ಕೆ ಹಣ ತೆತ್ತು ಐದನ್ನು ಪಡೆದಂತಾಗುತ್ತದೆ.

ಇನ್ನು ಪರೀಕ್ಷೆಯ ಮಾತು. ಮಾರುವವರು ಮೊದಲು ಹೇಳುವುದು ಶಟರಿನ ಎಣಿಕೆಯನ್ನು. ಅದೇ ಎತ್ತಿನ ಹಲ್ಲು. ಕನ್ನಡಿಯಿದ್ದ ಕ್ಯಾಮೆರಾಗಳಲ್ಲಿ ಆ ಸಂಖ್ಯೆ ಬಹುಮಟ್ಟಿಗೆ ದುಡಿಮೆಯ ಅಳತೆಯಾಗಿತ್ತು. ಇಲ್ಲಿಯಾದರೋ ಶಟರಿನ ಪರದೆ ಅಲುಗದೆಯೇ ಸಾವಿರಾರು ಚಿತ್ರ ತೆಗೆಯಬಹುದು, ಗಂಟೆಗಟ್ಟಲೆ ವಿಡಿಯೋ ಹಿಡಿಯಬಹುದು. ಸುಮ್ಮನೆ ಕಣ್ಣಿಟ್ಟು ನೋಡುತ್ತಿದ್ದರೂ ಸೆನ್ಸರು ದುಡಿಯುತ್ತಲೇ ಇರುತ್ತದೆ. ಪರದೆಯ ಎಣಿಕೆ ಕಡಿಮೆಯೆಂದ ಮಾತ್ರಕ್ಕೆ ದುಡಿಮೆ ಕಡಿಮೆಯೆನ್ನಲಾಗದು.

ಆದುದರಿಂದ ನಡೆಸಿಯೇ ನೋಡಬೇಕು. ಲೆನ್ಸಿನ ದ್ವಾರವನ್ನು ಎಫ್ ೧೬ಕ್ಕೆ ಕಿರಿದುಗೊಳಿಸಿ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಸೆನ್ಸರಿನ ಮೇಲಿನ ಧೂಳು ಕಪ್ಪು ಚುಕ್ಕೆಗಳಾಗಿ ತೋರುತ್ತದೆ. ಧೂಳು ಶುಚಿ ಮಾಡಿದರೆ ಹೋದೀತು, ಗೀರು ಹೋಗದು. ಯಾಂತ್ರಿಕ ಶಟರಿನಲ್ಲಿ ಅತಿ ವೇಗದ ಚಿತ್ರವೊಂದನ್ನು ತೆಗೆದು, ಒಂದು ಅಂಚು ಕಪ್ಪಾಗಿದೆಯೇ ನೋಡಿ. ಆಗಿದ್ದರೆ ಪರದೆ ಸೋತಿದೆ. ಎರಡು ಕಾರ್ಡುಗಳಿಗೆ ಜಾಗವಿದ್ದರೆ ಎರಡರಲ್ಲೂ ಬರೆದು ನೋಡಿ. ಲೆನ್ಸ್ ಕೂರುವ ಉಂಗುರ ಸಡಿಲವಾಗಿರಬಾರದು. ಬ್ಯಾಟರಿ ಉಬ್ಬಿದ್ದರೆ ಹೊಸದರ ಬೆಲೆಯನ್ನು ಲೆಕ್ಕಕ್ಕೆ ಸೇರಿಸಿ. ಕರಾವಳಿ, ಮಲೆನಾಡುಗಳ ಮಳೆಗಾಲ ಕಂಡ ಲೆನ್ಸು ಜೊತೆಗೆ ಬಂದರೆ ಅದನ್ನು ಬೆಳಕಿಗೆ ಹಿಡಿಯಿರಿ. ಗಾಜಿನೊಳಗೆ ಜೇಡರ ಬಲೆಯಂಥ ಬೂಷ್ಟು ಕಂಡೀತು.

ಕೊನೆಯದಾಗಿ, ಮೊದಲ ರಸೀದಿಯನ್ನು ಕೇಳಿ, ಅದರ ಸಂಖ್ಯೆಯನ್ನು ಕ್ಯಾಮೆರಾದ ಮೈಮೇಲಿನ ಸಂಖ್ಯೆಯೊಡನೆ ಹೋಲಿಸಿ. ಕಳವಾದ ಯಂತ್ರ ಅಗ್ಗವಾಗಿ ಸಿಕ್ಕಿತೆಂದರೆ, ಇನ್ನೊಬ್ಬ ಛಾಯಾಗ್ರಾಹಕನ ಅನ್ನ ನಮ್ಮ ಕೈಗೆ ಬಂದಿದೆ ಎಂದೇ ಅರ್ಥ.

ಇಷ್ಟೆಲ್ಲ ನೋಡಲು ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯನ್ನು ಕೊಡಲೊಪ್ಪದೆ ಅವಸರ ಮಾಡುವವರಿದ್ದರೆ, ಬೆಲೆ ಎಷ್ಟೇ ಇಳಿದರೂ ಕೈಮುಗಿದು ಹಿಂದಿರುಗುವುದು ಲೇಸು. ನಡೆಸಿ ತೋರಿಸಲೊಲ್ಲದವನ ಎತ್ತನ್ನು ಯಾವ ರೈತನೂ ಕೊಳ್ಳುವುದಿಲ್ಲ.