ಇ-ಮೇಲ್ ಜರಡಿ: ಕಾಳು ಯಾವುದು, ಹೊಟ್ಟು ಯಾವುದು?



ಬಂಗಾರಪೇಟೆ ಮತ್ತು ಕೆ.ಜಿ.ಎಫ್. ತಾಲ್ಲೂಕುಗಳಲ್ಲಿ ರಾಗಿ, ಟೊಮೆಟೊ, ಮಾವು, ಹಿಪ್ಪುನೇರಳೆ ಬೆಳೆಯುವವರ ಸಂಘಗಳಿಗೂ ಈಗ ಇ-ಮೇಲ್ ವಿಳಾಸ ಬೇಕಾಗಿದೆ. ಮಣ್ಣು ಪರೀಕ್ಷೆಯ ವರದಿ, ಬ್ಯಾಂಕಿನ ಸೂಚನೆ, ಬೀಜದ ದರಪಟ್ಟಿ, ಹವಾಮಾನ ಸಲಹೆ, ಜೊತೆಗೆ ಬೇಡವಾದ ಜಾಹೀರಾತು, ಎಲ್ಲವೂ ಒಂದೇ ಪೆಟ್ಟಿಗೆಗೆ ಬಂದು ಬೀಳುತ್ತವೆ. ಇವನ್ನು ತಾನಾಗಿಯೇ ವಿಂಗಡಿಸುವ ಏರ್ಪಾಟಿಗೆ ಫಿಲ್ಟರ್ ಎನ್ನುತ್ತಾರೆ. ಫಿಲ್ಟರ್ ಹಾಕಿಕೊಂಡ ಕೆಲವು ದಿನಗಳಲ್ಲೇ "ಪತ್ರ ಬರಲೇ ಇಲ್ಲ" ಎಂಬ ದೂರು ಕೇಳಿಬರುವುದುಂಟು. ಎಷ್ಟೋ ವೇಳೆ ಪತ್ರ ಬಂದೇ ಇರುತ್ತದೆ. ಬೇರೆ ಫೋಲ್ಡರಿನಲ್ಲಿ ಕುಳಿತಿರುತ್ತದೆ.

ಕಣದಲ್ಲಿ ಜರಡಿ ನೋಡುವುದು ಕಾಳಿನ ಗಾತ್ರವನ್ನು ಮಾತ್ರ. ಕಾಳಿನಷ್ಟೇ ಗಾತ್ರದ ಕಲ್ಲೂ ಕಾಳಿನ ಜೊತೆಗೇ ಇಳಿಯುತ್ತದೆ. ಫಿಲ್ಟರ್ ಕೂಡ ಹಾಗೆಯೇ. ಅದು ಪತ್ರವನ್ನು ಓದಿ ಅರ್ಥ ಮಾಡಿಕೊಳ್ಳುವುದಿಲ್ಲ. ಕಳಿಸಿದವರ ವಿಳಾಸ, ವಿಷಯದ ಸಾಲು, ಒಳಗಿನ ಪದಗಳು, ಇವುಗಳಲ್ಲಿ ಹೇಳಿದ ಅಕ್ಷರಗಳು ಇವೆಯೇ ಎಂದು ನೋಡಿ, ಇದ್ದರೆ ಹೇಳಿದ ಕೆಲಸ ಮಾಡುತ್ತದೆ.

ಒಂದು ಉದಾಹರಣೆ. ಸಂಘದ ಕಾರ್ಯದರ್ಶಿಯೊಬ್ಬರು ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ, ವಿಷಯದ ಸಾಲಿನಲ್ಲಿ "ರಾಗಿ" ಎಂದಿರುವ ಪತ್ರಗಳೆಲ್ಲ ರಾಗಿ ಫೋಲ್ಡರಿಗೆ ಹೋಗಲಿ ಎಂದು ನಿಯಮ ಬರೆದರೆನ್ನೋಣ. ಮರುದಿನ "ತುರ್ತು ಸಭೆಗೆ ಹಾಜರಾಗಿ" ಎಂಬ ಪತ್ರವೂ ರಾಗಿ ಫೋಲ್ಡರಿಗೇ ಹೋಗುತ್ತದೆ. ಏಕೆಂದರೆ "ಹಾಜರಾಗಿ" ಎಂಬುದರ ಹೊಟ್ಟೆಯಲ್ಲಿ "ರಾಗಿ" ಇದೆ! "ತಯಾರಾಗಿ", "ಜೋರಾಗಿ" ಎಂಬವುಗಳ ಗತಿಯೂ ಇದೇ. ಜಿಮೇಲ್‌ನದು ಇದಕ್ಕೆ ತದ್ವಿರುದ್ಧ ಕ್ರಮ. ಅದು ಪೂರ್ತಿ ಪದವನ್ನೇ ಹುಡುಕುವುದರಿಂದ "ಹಾಜರಾಗಿ" ಪಾರಾಗುತ್ತದೆ, ಆದರೆ "ರಾಗಿಯ ಬೆಲೆ", "ರಾಗಿಗೆ ಗೊಬ್ಬರ" ಎಂಬವು ತಪ್ಪಿಹೋಗುತ್ತವೆ. (ಶಾಲೆಯಲ್ಲಿ ಕಾಡಿದ ವಿಭಕ್ತಿ ಪ್ರತ್ಯಯ ಇಲ್ಲಿಯೂ ಬಿಡುವುದಿಲ್ಲ.) ಟೊಮೆಟೊ, ಟೊಮ್ಯಾಟೊ, ಟೊಮೇಟೋ ಎಂದು ಒಬ್ಬೊಬ್ಬರು ಒಂದೊಂದು ಬಗೆ ಬರೆಯುತ್ತಾರೆ; ಯಂತ್ರಕ್ಕೆ ಇವು ಮೂರು ಬೇರೆ ಪದಗಳು. ಆದ್ದರಿಂದ ಪದಕ್ಕಿಂತ ಕಳಿಸುವವರ ವಿಳಾಸದ ಮೇಲೆ ನಿಯಮ ಹಾಕುವುದು ಹೆಚ್ಚು ಭದ್ರ.

ಇದರಿಂದಾಗುವ ನಷ್ಟ ಸಣ್ಣದಲ್ಲ. "ಟೊಮೆಟೊ" ಎಂದಿರುವುದೆಲ್ಲ ಮಾರುಕಟ್ಟೆ ದರದ ಫೋಲ್ಡರಿಗೆ ಹೋಗುವಂತಿದ್ದು, ಅದನ್ನು ವಾರಕ್ಕೊಮ್ಮೆ ತೆರೆಯುವ ರೂಢಿಯಿದ್ದರೆ, "ಟೊಮೆಟೊ ಅಂಗಮಾರಿ ಮುನ್ನೆಚ್ಚರಿಕೆ" ಎಂಬ ಪತ್ರವೂ ವಾರ ಕಾಯುತ್ತದೆ. ಮೋಡ ಕವಿದು ತುಂತುರು ಹಿಡಿದ ತಂಪು ಹವೆಯಲ್ಲಿ ತಡ ಅಂಗಮಾರಿ ಕೆಲವೇ ದಿನಗಳಲ್ಲಿ ಹೊಲವನ್ನೆಲ್ಲ ವ್ಯಾಪಿಸಬಲ್ಲದು. ರಕ್ಷಣಾ ಸಿಂಪರಣೆಯಿಂದ ಪ್ರಯೋಜನವಾಗುವುದು ರೋಗ ತಗಲುವ ಮೊದಲು.

ನಿಯಮಗಳ ಸರದಿಯೂ ಮುಖ್ಯ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಮಾರಿಕುಪ್ಪಂ ಹಳಿಗೆ ತಿರುಗಿದ ಗಾಡಿ ಜೋಲಾರಪೇಟೆ ದಾರಿಯ ಪಾಯಿಂಟನ್ನು ಮುಟ್ಟುವುದೇ ಇಲ್ಲ. ಥಂಡರ್‌ಬರ್ಡ್ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ನಡೆಸುತ್ತದೆ. ಮೊದಲ ನಿಯಮ ಬೇರೆಡೆಗೆ ಸಾಗಿಸಿದ ಪತ್ರ ಕೆಳಗಿನ ನಿಯಮಕ್ಕೆ ಸಾಮಾನ್ಯವಾಗಿ ಸಿಗುವುದಿಲ್ಲ. ಎಚ್ಚರಿಕೆ ಪತ್ರಗಳ ನಿಯಮವನ್ನು ಎಲ್ಲಕ್ಕಿಂತ ಮೇಲೆ ಇಡಬೇಕು. "ಎಲ್ಲ ಷರತ್ತೂ ಕೂಡಿಬರಬೇಕು" ಎಂಬುದಕ್ಕೂ "ಯಾವುದಾದರೊಂದು ಸಾಕು" ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿಯೇ ಗುರುತು ಹಾಕಬೇಕು. ಇನ್ನೊಂದು ಮಾತು: ಥಂಡರ್‌ಬರ್ಡ್‌ನ ಫಿಲ್ಟರ್ ಇರುವುದು ಕಚೇರಿಯ ಕಂಪ್ಯೂಟರಿನಲ್ಲಿ. ಆ ತಂತ್ರಾಂಶ ತೆರೆದಿದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ. ಜಿಮೇಲ್ ಫಿಲ್ಟರ್ ದೂರದ ಸರ್ವರಿನಲ್ಲಿರುವುದರಿಂದ ಕಂಪ್ಯೂಟರ್ ಆರಿಸಿದ್ದರೂ ನಡೆಯುತ್ತಿರುತ್ತದೆ.

ಸ್ಪ್ಯಾಮ್ ಫೋಲ್ಡರಿನ ವಿಷಯದಲ್ಲಿ ಕೆ.ಜಿ.ಎಫ್.ನವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಅದಿರನ್ನು ನುಣ್ಣಗೆ ಅರೆದು, ಸಯನೈಡ್ ದ್ರಾವಣದಿಂದ ಚಿನ್ನ ತೆಗೆದು, ಉಳಿದ ಮಣ್ಣನ್ನು ದಿಬ್ಬವಾಗಿ ಸುರಿದರು. ಭಾರತ್ ಗೋಲ್ಡ್ ಮೈನ್ಸ್‌ನ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದರೂ ಆ ಸಯನೈಡ್ ದಿಬ್ಬಗಳು ನಿಂತಿವೆ. ಬೇಡವೆಂದು ಬಿಟ್ಟ ಆ ಮಣ್ಣಿನಲ್ಲೂ ಅಲ್ಪಸ್ವಲ್ಪ ಚಿನ್ನ ಉಳಿದಿದೆ. ದಿಬ್ಬವೇನೋ ಕಾಯುತ್ತದೆ, ಜಿಮೇಲ್ ಕಾಯುವುದಿಲ್ಲ. ಸ್ಪ್ಯಾಮಿಗೆ ಬಿದ್ದ ಪತ್ರ 30 ದಿನಗಳ ನಂತರ ಅಳಿಸಿಹೋಗುತ್ತದೆ. ವಾರಕ್ಕೆರಡು ಬಾರಿ ಅದನ್ನು ತೆರೆದು ನೋಡುವುದು ಒಳ್ಳೆಯದು. ಅಲ್ಲಿ ಬೇಕಾದ ಪತ್ರ ಸಿಕ್ಕಿದರೆ "ಸ್ಪ್ಯಾಮ್ ಅಲ್ಲ" ಎಂದು ಗುರುತಿಸಿ, ಆ ವಿಳಾಸಕ್ಕೆ "ಎಂದೂ ಸ್ಪ್ಯಾಮಿಗೆ ಕಳಿಸಬೇಡ" ಎಂಬ ಫಿಲ್ಟರ್ ಮಾಡಿಡಬೇಕು.

ಹೊಸ ನಿಯಮಕ್ಕೆ ಮೊದಲ ದಿನವೇ ಅಳಿಸುವ ಕೆಲಸ ಒಪ್ಪಿಸಬಾರದು. ಎರಡು ವಾರ ಬರೀ ಗುರುತು ಹಚ್ಚಲು ಬಿಟ್ಟು, ಯಾವ ಯಾವ ಪತ್ರಕ್ಕೆ ಗುರುತು ಬಿದ್ದಿದೆ ಎಂದು ಪರಿಶೀಲಿಸಿ, ಅನಂತರ ಬೇರೆ ಫೋಲ್ಡರಿಗೆ ಸಾಗಿಸುವಂತೆ ಬದಲಾಯಿಸಬಹುದು.