ಕಟಾಂಗದ ದಾರಿಗೆ ಅಡ್ಡ ನಿಂತವರು



ಕಾರ್ಗಿಲ್ ಎಂದರೆ ಸಾಕು, ಶಾಲೆ ಮಕ್ಕಳೂ ನಾಲ್ವರು ಯೋಧರ ಹೆಸರು ಹೇಳುತ್ತಾರೆ. ನಮ್ಮದಲ್ಲದ ನೆಲದಲ್ಲಿ, ನಮ್ಮದಲ್ಲದ ಜಗಳದ ನಡುವೆ ಜೀವ ಬಿಟ್ಟವರ ಹೆಸರು ಅಷ್ಟು ಬೇಗ ಬಾಯಿಗೆ ಬರುವುದಿಲ್ಲ. ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಅಂಥವರಲ್ಲೊಬ್ಬರು.

ಪಂಜಾಬಿನವರು. ಆದರೂ ಬೆಂಗಳೂರಿನ ನಂಟಿತ್ತು. ಇವತ್ತು ಹೊಸೂರು ರಸ್ತೆಯಲ್ಲಿರುವ ರಾಷ್ಟ್ರೀಯ ಮಿಲಿಟರಿ ಶಾಲೆ ಆಗ ಕಿಂಗ್ ಜಾರ್ಜ್ ಹೆಸರಿನಲ್ಲಿತ್ತು. 1946ರಲ್ಲಿ ಹುಡುಗ ಅಲ್ಲಿಗೆ ಸೇರಿದ. ಮೊದಲ ಸಲ ಎದೆಯಳತೆ ಸಾಲದೆಂದು ವಾಪಸು ಕಳಿಸಿದ್ದರಂತೆ. ಹಟ ಹಿಡಿದು ಕಸರತ್ತು ಮಾಡಿ ಮತ್ತೆ ಬಂದನಂತೆ.

1960ರಲ್ಲಿ ಕಾಂಗೋ ಬೆಲ್ಜಿಯಂನ ಹಿಡಿತದಿಂದ ಬಿಡುಗಡೆಯಾಯಿತು. ಎರಡು ವಾರ ತುಂಬುವಷ್ಟರಲ್ಲಿ ತಾಮ್ರದ ಗಣಿಗಳ ಕಟಾಂಗ ಪ್ರಾಂತ್ಯ ನಾನೇ ಬೇರೆ ಎಂದು ನಿಂತಿತು. ಗಣಿ ಯಾರ ಕೈಯಲ್ಲಿರಬೇಕು ಎಂಬುದೇ ಜಗಳದ ಬೇರು. ಉಳಿದದ್ದೆಲ್ಲ ಅದಕ್ಕೆ ಹೊದಿಸಿದ ಮಾತು ಎಂದೇ ನನಗನ್ನಿಸುತ್ತದೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ಭಾರತವೂ ಸೈನಿಕರನ್ನು ಕಳಿಸಿತು.

1961ರ ಡಿಸೆಂಬರ್ 5. ಎಲಿಜಬೆತ್‌ವಿಲ್ ಪಟ್ಟಣದಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯನ್ನು ಕಟಾಂಗದ ಪಡೆ ಬಂದ್ ಮಾಡಿತ್ತು. ಅದನ್ನು ತೆರವು ಮಾಡಲು ಹೊರಟ ಸಲಾರಿಯಾ ಜೊತೆಗಿದ್ದವರು 16 ಗೂರ್ಖಾಗಳು. ಎದುರಾದವರು ಸುಮಾರು 90 ಮಂದಿ, ಜೊತೆಗೆ ಎರಡು ಕವಚದ ಗಾಡಿಗಳು. ರಾಕೆಟ್ ಹಾರಿಸಿ ಆ ಗಾಡಿಗಳನ್ನು ಕೆಡವಿದರು, ಕುಕ್ರಿ ಹಿರಿದು ನುಗ್ಗಿದರು. ಕುತ್ತಿಗೆಗೆ ಗುಂಡು ಹೊಕ್ಕ ಮೇಲೂ ಸಲಾರಿಯಾ ಹೋರಾಡಿದರು. ರಕ್ತ ಸೋರಿ ಸೋರಿ ಕುಸಿದರು. 26 ತುಂಬಿ ಆರೇ ದಿನವಾಗಿತ್ತು.

ಅಂದು ಎದುರು ಪಕ್ಷದಲ್ಲಿ ಸತ್ತವರು 40 ಜನ ಎಂದು ಲೆಕ್ಕ. ಆ ಸಂಖ್ಯೆಗೆ ಚಪ್ಪಾಳೆ ತಟ್ಟುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಅವರು ಭಾರತದ ಶತ್ರುಗಳಲ್ಲ. ನಾವು ಗೆದ್ದರೂ ಅಲ್ಲಿನ ಒಂದು ಗೇಣು ನೆಲ ನಮ್ಮದಾಗುತ್ತಿರಲಿಲ್ಲ. ಸಲಾರಿಯಾಗೆ ಒಪ್ಪಿಸಿದ್ದು ಒಂದು ದಾರಿ ತೆರೆಯುವ ಕೆಲಸ, ಅಷ್ಟೇ. ಅಷ್ಟಕ್ಕಾಗಿ ಪ್ರಾಣ ಕೊಡುವುದು ಮನೆ ಕಾಯುತ್ತ ಪ್ರಾಣ ಕೊಡುವುದಕ್ಕಿಂತ ಕಠಿಣವಲ್ಲವೇ? ನಮ್ಮದಲ್ಲದ ಜಗಳದಲ್ಲಿ ಕೋಪವೂ ಜೊತೆಗಿರುವುದಿಲ್ಲ.

ಸಲಾರಿಯಾ ಅವರ ತಂದೆ ಬ್ರಿಟಿಷರ ಕಾಲದ ಹಾಡ್ಸನ್ಸ್ ಹಾರ್ಸ್ ಪಡೆಯಲ್ಲಿದ್ದವರು. ತಂದೆಗೆ ಆಜ್ಞೆ ಕೊಟ್ಟವರು ದೊರೆಗಳು. ಮಗನನ್ನು ಕಳಿಸಿದ್ದು ಸ್ವತಂತ್ರ ಭಾರತ, ತಾನೇ ಒಪ್ಪಿಕೊಂಡ ಹೊಣೆಗಾಗಿ.

ಮರಣಾನಂತರ ಪರಮವೀರ ಚಕ್ರ ಬಂತು. ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಅದನ್ನು ಪಡೆದವರು ಅವರೊಬ್ಬರೇ. ಆ ಕಾಳಗದ ಹದಿಮೂರು ತಿಂಗಳ ನಂತರ, 1963ರ ಜನವರಿಯಲ್ಲಿ, ಕಟಾಂಗ ಕಾಂಗೋಗೆ ಮರಳಿತು.